ನಮ್ಮ ಫೋಟೋಗಳ ನಾಲ್ಕನೆಯವರು

ಫೋಟೋದ ಎಡಗಡೆ ಮೇಲ್ಮೂಲೆಯಲ್ಲಿ ಹುಣಸೆಬೀಜದ ಗಾತ್ರದ ಒಂದು ಕಂದು ಮಸುಕು. ಅಂಚು ಸ್ವಲ್ಪ ಕೆಂಪಗೆ, ಬಿಸಿಲಿಗೆ ಅಡ್ಡವಾಗಿರುವ ಕಿವಿಯ ಹಾಗೆ. ಒಂದು ಫೋಟೋದಲ್ಲಿ ಅದು ಅಪ್ಪನ ತಲೆಯ ಮೇಲಿನ ತೆಂಗಿನ ಗರಿಯನ್ನು ಮುಚ್ಚಿದೆ. ಇನ್ನೊಂದರಲ್ಲಿ ಮೃಗಾಲಯದ ಬೋರ್ಡಿನ ಮೊದಲ ಎರಡು ಅಕ್ಷರಗಳನ್ನು ನುಂಗಿದೆ. ಹಾಗಾಗಿ ನಾವೆಲ್ಲ ‘ಲಯ’ದ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದೇವೆ. ನಾನು ಆರಿಸಿಟ್ಟ ಮೂವತ್ತಾರು ಫೋಟೋಗಳಲ್ಲಿ ಇಪ್ಪತ್ತೊಂದರಲ್ಲಿ ಆ ಮಸುಕು ಇದೆ. ಅದು ನನ್ನ ಅಜ್ಜಿಯ ಎಡಗೈ ತೋರುಬೆರಳು.

ಅಪ್ಪ ಕ್ಯಾಮೆರಾ ತಂದದ್ದು ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ. ಸೋಪಿನ ಡಬ್ಬಿಯಂಥ ಕಪ್ಪು ಕ್ಯಾಮೆರಾ. ರೀಲು ಹಾಕುವುದು, ಒತ್ತುವುದು, ಹಲ್ಲಿನ ಚಕ್ರವನ್ನು ಕಿರ್ರೆಂದು ತಿರುಗಿಸುವುದು, ಅಷ್ಟೇ ಕೆಲಸ. ಮೈಸೂರಿನ ವಿದ್ಯಾರಣ್ಯಪುರಂನ ನಮ್ಮ ಬಾಡಿಗೆ ಮನೆಯಲ್ಲಿ ಇದ್ದವರು ನಾಲ್ವರು: ಅಪ್ಪ, ಅಮ್ಮ, ನಾನು, ಅಪ್ಪನ ತಾಯಿಯಾದ ಅಜ್ಜಿ. ಮೊದಲ ದಿನವೇ ಅಜ್ಜಿ ಕೈಚಾಚಿ, “ಇಲ್ಲಿ ಕೊಡು. ನೀನು ಹೋಗಿ ಹೆಂಡ್ತಿ ಪಕ್ಕ ನಿಂತ್ಕೋ” ಅಂದಳು. ಅಪ್ಪ ಕೊಟ್ಟರು. ಅವತ್ತಿನಿಂದ ಕ್ಯಾಮೆರಾ ಅವಳ ಟ್ರಂಕಿನಲ್ಲಿ, ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆಯ ಜೊತೆ ವಾಸಮಾಡಿತು. ಮನೆಯ ಬೀಗದ ಕೈಗಳನ್ನು ಅಮ್ಮನಿಗೆ ಎಂದೋ ಬಿಟ್ಟುಕೊಟ್ಟಿದ್ದವಳು ಕ್ಯಾಮೆರಾ ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ.

ಮೊದಲ ರೀಲು ತೊಳೆಸಿ ತಂದ ಸಂಜೆ ಅಪ್ಪ ಒಂದೊಂದೇ ಫೋಟೋ ನೋಡುತ್ತಾ, “ಅವ್ವಾ, ಎಲ್ಲಾದಕ್ಕೂ ಹೆಬ್ಬೆಟ್ಟು ಒತ್ತಿಬುಟ್ಟಿದ್ದೀಯಲ್ಲ” ಅಂದರು.

ಅಜ್ಜಿ ಕನ್ನಡಕ ತರಿಸಿ ಫೋಟೋವನ್ನು ದೂರ ಹಿಡಿದು ನೋಡಿದಳು. “ಹೆಬ್ಬೆಟ್ಟು ಒತ್ತೋಕೆ ನಾನೇನು ಓದು ಬರ್ದೇ ಇರೋಳಾ? ನಾಲ್ಕನೇ ಕ್ಲಾಸು ಪಾಸಾಗಿದೀನಿ ಕಣೋ. ಸರಿಯಾಗಿ ನೋಡು, ಅದು ತೋರುಬೆರಳು.”

ಬೆರಳು ಎಲ್ಲಿರಬೇಕು ಎಂದು ಅಪ್ಪ ಒಂದೆರಡು ಸಲ ತೋರಿಸಿಕೊಟ್ಟರು. ಅಜ್ಜಿ ತಲೆಯಾಡಿಸಿ ಮುಂದಿನ ರೀಲಿನಲ್ಲೂ ಅಲ್ಲೇ ಇಟ್ಟಳು. ಆಮೇಲೆ ಯಾರೂ ಆ ಬಗ್ಗೆ ಮಾತಾಡಲಿಲ್ಲ.

ಬೆರಳಿನದು ಚಿಕ್ಕ ವಿಷಯ. ದೊಡ್ಡದು ಇನ್ನೊಂದಿತ್ತು. ಮೂರು ಜನ ಫೋಟೋ ತೆಗೆಸಿಕೊಳ್ಳಬಾರದು, ನಡುವೆ ನಿಂತವರಿಗೆ ಆಗಿಬರುವುದಿಲ್ಲ. ಈ ಮಾತು ಅಜ್ಜಿಯ ಸ್ವಂತದ್ದಲ್ಲ, ಮೈಸೂರಿನ ಅರ್ಧ ಮನೆಗಳಲ್ಲಿ ಇದೆ. ಆ ಮನೆಗಳಲ್ಲಿ ಒಬ್ಬ ತಮ್ಮನನ್ನೋ ಅತ್ತೆಯನ್ನೋ ಪಕ್ಕಕ್ಕೆ ಎಳೆದುಕೊಂಡು ಸುಲಭವಾಗಿ ದಾಟಿಬಿಡುತ್ತಾರೆ. ನಾನು ಒಬ್ಬಳೇ ಮಗಳು. ಒತ್ತುವವಳು ಅಜ್ಜಿ. ಹಾಗಾಗಿ ನಿಲ್ಲುವವರು ಯಾವಾಗಲೂ ಮೂವರೇ, ಮತ್ತು ಕುಳ್ಳಿಯಾದ್ದರಿಂದ ನಡುವೆ ನಾನೇ.

ಆದ್ದರಿಂದ ಪ್ರತಿ ಫೋಟೋಗೂ ನಾಲ್ಕನೆಯವರೊಬ್ಬರು ಬೇಕಾಗುತ್ತಿದ್ದರು. ಅವರನ್ನು ಬೀದಿಯಿಂದ ಹಿಡಿದು ತರುವ ಕೆಲಸ ನನ್ನದು. “ಹೋಗು ಕೂಸೇ, ಯಾರಾದ್ರೂ ಸಿಗ್ತಾರಾ ನೋಡ್ಕೊಂಡು ಬಾ” ಎಂದು ಅಜ್ಜಿ ಕ್ಯಾಮೆರಾ ಕಣ್ಣಿಗೆ ಹಿಡಿದುಕೊಂಡೇ ಹೇಳುತ್ತಿದ್ದಳು. ಅಂಗಡಿಯಲ್ಲಿ ಪೆನ್ಸಿಲ್ ಬೇಕೆಂದು ಬಾಯಿಬಿಟ್ಟು ಕೇಳಲಾರದೆ, ಅಂಗಡಿಯವರೇ ಗಮನಿಸಿ ‘ಏನು ಬೇಕಮ್ಮ’ ಅನ್ನುವ ತನಕ ಕಂಬಕ್ಕೆ ಒರಗಿ ನಿಲ್ಲುತ್ತಿದ್ದ ಹುಡುಗಿ ನಾನು. ಗೇಟಿನ ತನಕ ಹೋಗುವಷ್ಟರಲ್ಲಿ ವಾಕ್ಯವನ್ನು ಮೂರು ಸಲ ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ: “ಫೋಟೋಗೆ ಒಬ್ಬರು ಬೇಕಂತೆ, ನಮ್ಮಜ್ಜಿ ಕರೀತಿದ್ದಾರೆ.” ವಾಕ್ಯದ ಎರಡನೆಯ ಭಾಗ ನನಗೆ ಆಸರೆ. ಬೇಕಾಗಿರುವುದು ನನಗಲ್ಲ, ಅಜ್ಜಿಗೆ.

ಆಶ್ಚರ್ಯವೆಂದರೆ ಜನ ಬರುತ್ತಿದ್ದರು. ಗ್ಯಾಸ್ ಸಿಲಿಂಡರ್ ತಂದವರು ಸಿಲಿಂಡರನ್ನು ಹೆಗಲ ಮೇಲಿಟ್ಟುಕೊಂಡೇ ಅಪ್ಪನ ಪಕ್ಕ ನಿಂತರು. ಇಳಿಸಿ ಎಂದರೆ, “ಇಳಿಸಿದ್ರೆ ಮತ್ತೆ ಎತ್ತಬೇಕಲ್ಲಮ್ಮ, ಬೇಗ ಒತ್ತಿ” ಅಂದರು. ಕರೆಂಟಿನ ಮೀಟರ್ ನೋಡಲು ಬಂದವರು ತಲೆ ಬಾಚಿಕೊಳ್ಳಲು ನಮ್ಮ ಕನ್ನಡಿ ಕೇಳಿದರು. ಸೊಪ್ಪು ಮಾರುವಾಕೆ ಬುಟ್ಟಿಯೊಳಗಿನ ದಂಟಿನ ಸೊಪ್ಪಿನ ಕಟ್ಟನ್ನು ಮುಂದಕ್ಕೆ ತಿರುಗಿಸಿಟ್ಟುಕೊಂಡು, ಸೊಪ್ಪೂ ಕಾಣಬೇಕು ಎಂದು ಷರತ್ತು ಹಾಕಿ ನಿಂತಳು. ಬೆಟ್ಟದ ನಂದಿಯ ಹತ್ತಿರ ಯಾರೂ ಸಿಗದೆ ಒಬ್ಬ ಬಿಳಿಯ ಪ್ರವಾಸಿಯ ಮುಂದೆ ಹೋಗಿ ನಿಂತೆ. ನನಗೆ ಇಂಗ್ಲಿಷಿನಲ್ಲಿ ಹೇಳಲು ಬರುತ್ತಿರಲಿಲ್ಲ. ನಾಲ್ಕು ಬೆರಳು ತೋರಿಸಿದೆ. ಆತ ನಾಲ್ಕು ರೂಪಾಯಿ ಕೊಟ್ಟ. ಅದನ್ನು ಹಿಂದಿರುಗಿಸಲು ಹೋದ ಅಪ್ಪ ಆತನನ್ನೇ ಕರೆತಂದರು.

ಬಂದವರನ್ನೆಲ್ಲ ಅಜ್ಜಿ ಒಪ್ಪುತ್ತಿರಲಿಲ್ಲ. ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಊರು ಯಾವುದು, ಊಟ ಆಯ್ತಾ ಎಂದು ಎರಡು ಮಾತು ಕೇಳಿ ಆಮೇಲೆ ತೀರ್ಮಾನ. ನಮ್ಮ ಬೀದಿಯ ಪೋಸ್ಟ್‌ಮ್ಯಾನ್ ಎರಡು ಸಲ ಕೆಮ್ಮಿದರು ಎಂಬ ಕಾರಣಕ್ಕೆ ಅವರಿಗೆ ಮಜ್ಜಿಗೆ ಕುಡಿಸಿ ಕಳಿಸಿಬಿಟ್ಟಳು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ತಾವಾಗಿಯೇ ಕೋಟು ಹಾಕಿಕೊಂಡು ಬಂದ ದಿನ, “ಬಿಸಿಲು ಮೇಷ್ಟ್ರೇ, ನೀವು ಜಗಲಿ ಮೇಲೆ ಕೂತ್ಕೊಳ್ಳಿ” ಎಂದು ಅವರನ್ನು ನೆರಳಲ್ಲಿ ಕೂರಿಸಿ, ನನ್ನನ್ನು ಮತ್ತೆ ಬೀದಿಗೆ ಓಡಿಸಿದಳು. ಮೇಷ್ಟ್ರು ಒಂದು ತಿಂಗಳು ನಮ್ಮ ಮನೆಯ ಕಡೆ ತಿರುಗಿ ನೋಡಲಿಲ್ಲ. “ಗಟ್ಟಿಮುಟ್ಟಾಗಿರೋರನ್ನ ಕರ್ಕೊಂಡು ಬಾ ಅಂದ್ರೆ ಯಾರ್ಯಾರನ್ನೋ ತರ್ತೀಯ” ಎಂದು ನನಗೇ ಬೈಗಳು. ಫೋಟೋ ಚೆನ್ನಾಗಿ ಬರಲಿ ಎಂದು ಅಜ್ಜಿ ಹೀಗೆ ಮಾಡುತ್ತಾಳೆ ಎಂದುಕೊಂಡಿದ್ದೆ. ಹದಿನೈದು ವರ್ಷ ಹಾಗೇ ಅಂದುಕೊಂಡಿದ್ದೆ.

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಕಾಲೇಜೊಂದರಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾದ ವರ್ಷ ಅಪ್ಪ ಅಮ್ಮನ ಮದುವೆಗೆ ಇಪ್ಪತ್ತೈದು ತುಂಬುವುದಿತ್ತು. ಆ ಹೊತ್ತಿಗೆ ರೀಲಿನ ಕಾಲ ಮುಗಿಯುತ್ತಾ ಬಂದಿತ್ತು. ಮದುವೆಯ ಫೋಟೋಗಳನ್ನು ಅಂಟಿಸದೆ ನೇರವಾಗಿ ದಪ್ಪ ಹಾಳೆಗಳ ಮೇಲೆ ಮುದ್ರಿಸಿ, ಪುಸ್ತಕದ ಹಾಗೆ ಹೊಲಿದು ಕೊಡುವುದನ್ನು ಅಗ್ರಹಾರದ ಅಂಗಡಿಬೀದಿಯ ಸ್ಟುಡಿಯೋಗಳು ಶುರುಮಾಡಿದ್ದವು. ನಮ್ಮ ಹಳೆಯ ಫೋಟೋಗಳನ್ನೂ ಹಾಗೆ ಮಾಡಿಸಿ ಅಪ್ಪ ಅಮ್ಮನಿಗೆ ಕೊಡಬೇಕೆಂದು ನಿಶ್ಚಯಿಸಿದೆ. ಯಾರಿಗೂ ಹೇಳಲಿಲ್ಲ. ಹೇಳದೆ ಇರುವುದು ನನಗೆ ಕಷ್ಟದ ಕೆಲಸವಲ್ಲ.

ಎರಡು ವಾರ ಕೂತು ಆರಿಸಿದೆ. ಒಣಗಿಸಿದ ಗಿಡವನ್ನು ಹಾಳೆಗೆ ಅಂಟಿಸಿ ಕೆಳಗೆ ವಿವರ ಬರೆಯುವುದು ನಮ್ಮ ವಿಭಾಗದ ಅಭ್ಯಾಸ: ಸಿಕ್ಕ ಸ್ಥಳ, ಸಿಕ್ಕ ತಿಂಗಳು, ಸಂಗ್ರಹಿಸಿದವರು. ಕೈ ಸುಮ್ಮನಿರದೆ ಪ್ರತಿ ಫೋಟೋದ ಹಿಂದೆಯೂ ಪೆನ್ಸಿಲಿನಲ್ಲಿ ಹಾಗೇ ಬರೆದೆ. ‘ಮನೆಯ ಮುಂದೆ. ಯುಗಾದಿಯ ಮಾರನೆಯ ದಿನ. ನಾಲ್ಕನೆಯವರು: ಸಿಲಿಂಡರ್ ತಂದವರು. ಸಂಗ್ರಹಿಸಿದವರು: ನಾನು.’ ಮೂವತ್ತಾರನ್ನೂ ಬರೆದು ಮುಗಿಸಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಒಬ್ಬರು ಪೊಲೀಸಿನವರಿದ್ದರು, ಹೆಸರೇ ಗೊತ್ತಿಲ್ಲದ ಒಬ್ಬ ಮದುಮಗನಿದ್ದ, ಮೂರು ಫೋಟೋಗಳಲ್ಲಿ ಎದುರು ಮನೆಯ ಕೂಸಿತ್ತು. ಅಜ್ಜಿ ಒಂದರಲ್ಲೂ ಇರಲಿಲ್ಲ. ಅವಳದು ಅಂತ ಇದ್ದದ್ದು ಇಪ್ಪತ್ತೊಂದು ಬೆರಳು.

ಹಾಗಾಗಿ ಪುಸ್ತಕದ ಕೊನೆಯ ಪುಟವನ್ನು ಖಾಲಿ ಬಿಟ್ಟೆ. ಅದರಲ್ಲಿ ನಾವು ನಾಲ್ವರು ಇರಬೇಕು, ಅಜ್ಜಿ ಇಡಿಯಾಗಿ ಇರಬೇಕು. ಇಲ್ಲದಿದ್ದರೆ ಆ ಪುಸ್ತಕ ಮಾಡಿಸಿ ಉಪಯೋಗವಿಲ್ಲ ಅನ್ನಿಸಿಬಿಟ್ಟಿತು.

ಪುಸ್ತಕದ ಗುಟ್ಟನ್ನು ಅಜ್ಜಿಗೊಬ್ಬಳಿಗೇ ಹೇಳಿ ಕೇಳಿದೆ. “ನಾನು ನಿಂತ್ರೆ ಒತ್ತೋರು ಯಾರು?” ಅಂದಳು. ಸಹೋದ್ಯೋಗಿಯೊಬ್ಬರ ಹತ್ತಿರ ಹೊಸ ಡಿಜಿಟಲ್ ಕ್ಯಾಮೆರಾ ಎರವಲು ತಂದು, ಹತ್ತು ಸೆಕೆಂಡಿನಲ್ಲಿ ಅದು ತಾನೇ ಒತ್ತಿಕೊಳ್ಳುತ್ತದೆ ಎಂದು ಕಪಾಟಿನ ಮೇಲಿಟ್ಟು ತೋರಿಸಿದೆ. ಅದು ಕಣ್ಣು ಮಿಟುಕಿಸಿ ಗೋಡೆಯ ಕ್ಯಾಲೆಂಡರಿನ ಚಿತ್ರ ತೆಗೆದುಕೊಂಡಿತು. “ಇದಕ್ಕೇನು ಗೊತ್ತು, ಯಾರು ರೆಡಿಯಾಗಿದ್ದಾರೆ ಯಾರು ಆಗಿಲ್ಲ ಅಂತ” ಎಂದು ಅಜ್ಜಿ ಅದನ್ನು ಕಡೆಗಣಿಸಿದಳು. ಮಾರನೆಯ ದಿನ ಸೀರೆಗೆ ಇಸ್ತ್ರಿಯಿಲ್ಲ. ಅದರ ಮಾರನೆಯ ದಿನ ಹಲ್ಲು ನೋವು. ಮೂರನೆಯ ದಿನ ನಾನು ಬಾಯಿ ತೆರೆಯುವ ಮೊದಲೇ, “ಮುಖ ಊದಿಕೊಂಡದೆ ಕಣೇ” ಅಂದಳು. ಊದಿಕೊಂಡಿರಲಿಲ್ಲ.

ಅಷ್ಟರಲ್ಲಿ ಮೂವತ್ತಾರು ಫೋಟೋಗಳನ್ನು ಅಗ್ರಹಾರಕ್ಕೆ ಒಯ್ದಿದ್ದೆ. ಒಂದು ಕಡೆ ಪಾತ್ರೆ ಅಂಗಡಿ, ಇನ್ನೊಂದು ಕಡೆ ಊದುಬತ್ತಿ ಅಂಗಡಿ, ನಡುವೆ ಮಹಡಿಗೆ ಹತ್ತುವ ಕಡಿದಾದ ಮೆಟ್ಟಿಲು, ಮೇಲೆ ಸ್ಟುಡಿಯೋ. ಮಾಲೀಕರು ಐವತ್ತರ ಆಸುಪಾಸಿನವರು. ಕಂಪ್ಯೂಟರಿನ ಕೆಲಸವನ್ನು ಹೊಸದಾಗಿ ಕಲಿತಿದ್ದರು. ಕಲಿತ ಖುಷಿ ಇನ್ನೂ ಮುಖದಲ್ಲಿತ್ತು. ನಾನು ಬಾಯಲ್ಲಿ ಹೇಳಲಾರದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ತಂದಿದ್ದೆ. ಹಿನ್ನೆಲೆ ಬಿಳಿಯಾಗಿರಲಿ. ಗುಲಾಬಿ ಬೇಡ. ಹೃದಯದ ಆಕಾರ ಬೇಡ. ಫೋಟೋಗಳು ಇದ್ದ ಹಾಗೇ ಇರಲಿ.

ಅವರು ಹಾಳೆಯನ್ನು ಗೌರವದಿಂದ ತೆಗೆದುಕೊಂಡು ಕೀಬೋರ್ಡಿನ ಅಡಿಯಲ್ಲಿ ಇಟ್ಟರು. “ನೀವು ಯೋಚ್ನೆ ಮಾಡ್ಬೇಡಿ ಮೇಡಂ. ನಿಮ್ಮನೆ ಫೋಟೋ ಅಂದ್ರೆ ನಮ್ಮನೆ ಫೋಟೋ ಇದ್ದಂಗೆ.”

ಹತ್ತು ದಿನ ಬಿಟ್ಟು, ಅಪ್ಪ ಅಮ್ಮನ ಮದುವೆಯ ದಿನಕ್ಕೆ ಒಂದೇ ದಿನ ಉಳಿದಿರುವಾಗ, ಮಾದರಿ ಹಾಳೆಗಳು ತಯಾರಾಗಿವೆ ಎಂದು ಫೋನ್ ಬಂತು. ಪುಸ್ತಕ ಹೊಲಿಯುವ ಮೊದಲು ಸಾದಾ ಕಾಗದದ ಮೇಲೆ ಮುದ್ರಿಸಿ ತೋರಿಸುತ್ತಿದ್ದರು, ಒಪ್ಪಿದರೆ ಮುಂದಿನ ಕೆಲಸ. ಪುಸ್ತಕ ಆ ದಿನಕ್ಕೆ ಸಿಗುವುದಿಲ್ಲ ಎಂಬುದು ಗೊತ್ತಾಗಿತ್ತು. ಒಂದು ವಾರ ತಡವಾದರೂ ಸರಿ, ಕೊನೆಯ ಪುಟ ತುಂಬಬೇಕು ಅನ್ನುವುದಷ್ಟೇ ನನ್ನ ತಲೆಯಲ್ಲಿತ್ತು.

ಗುಲಾಬಿ ಇರಲಿಲ್ಲ. ಹೃದಯ ಒಂದೇ ಒಂದು ಇತ್ತು, ಅದೂ ಚಿಕ್ಕದು. ನಾನು ಮೊದಲ ಹಾಳೆಯನ್ನು ನೋಡಿದೆ. ಎರಡನೆಯದನ್ನು ನೋಡಿದೆ. ಏನೋ ತಪ್ಪಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಪರಿಚಯದ ಮನೆಗೆ ಸುಣ್ಣ ಬಳಿಸಿದ ಮೇಲೆ ಹೋದ ಹಾಗಿತ್ತು.

“ಗೊತ್ತಾಯ್ತಾ?” ಎಂದರು ಮಾಲೀಕರು. ಅವರಿಗೆ ತಡೆದುಕೊಳ್ಳಲು ಆಗುತ್ತಿರಲಿಲ್ಲ. “ಎಲ್ಲಾದ್ರಲ್ಲೂ ಯಾರ್ಯಾರೋ ಬಂದು ಅಡ್ಡ ನಿಂತ್ಬುಟ್ಟಿದ್ರು ಮೇಡಂ. ಒಬ್ರು ಸಿಲಿಂಡರ್ ಹೊತ್ಕೊಂಡು, ಒಬ್ಳು ಸೊಪ್ಪಿನ ಬುಟ್ಟಿ ಹಿಡ್ಕೊಂಡು. ಒಬ್ಬ ಫಾರಿನರ್ ಬೇರೆ. ಪಾಪ, ನಿಮ್ಮನೆಯೋರಿಗೆ ಬೇಡ ಅನ್ನೋಕೆ ಸಂಕೋಚ ಅನ್ಸುತ್ತೆ. ಒಬ್ಬೊಬ್ರನ್ನೇ ಎಬ್ಬಿಸಿ ಹಿಂದಿನ ಗೋಡೆ ಎಳೆದಿದೀನಿ. ಈಗ ನೋಡಿ, ಬರೀ ಫ್ಯಾಮಿಲಿ.”

ಸಿಲಿಂಡರಿನವರ ಜಾಗದಲ್ಲಿ ಗೋಡೆಯಿತ್ತು. ನಮ್ಮ ಮನೆಗೆ ಅಷ್ಟು ಉದ್ದದ ಗೋಡೆ ಎಂದೂ ಇರಲಿಲ್ಲ. ಮೃಗಾಲಯದ ಫೋಟೋದಲ್ಲಿ ಪೊಲೀಸಿನವರು ಹೋಗಿ ಒಂದು ಪೊದೆ ಬಂದಿತ್ತು. ಸಸ್ಯಶಾಸ್ತ್ರ ಓದಿದವಳಾಗಿ ಹೇಳುತ್ತೇನೆ, ಅಂಥ ಪೊದೆ ಎಲ್ಲೂ ಬೆಳೆಯುವುದಿಲ್ಲ. ಮೇಲೆ ಬೋರ್ಡಿನಲ್ಲಿ ಪೂರ್ತಿ ‘ಮೃಗಾಲಯ’ ಎಂದಿತ್ತು.

“ಆ ಮೂಲೇಲಿ ಒಂದು ಕಲೆ ಬೇರೆ ಇತ್ತು” ಎಂದರು ಅವರು. “ಲೆನ್ಸ್‌ದೋ ಏನೋ. ಇಪ್ಪತ್ತೊಂದರಲ್ಲೂ ತೆಗೆದಿದೀನಿ. ಮೃಗಾಲಯದ್ದು ಮಾತ್ರ ಅಕ್ಷರ ಬರೆಯೋಕೆ ಒಂದು ದಿನ ಹಿಡೀತು.”

ನಾನು ಕೋಪಗೊಳ್ಳಬೇಕಿತ್ತು. ಹತ್ತು ದಿನ ಕಣ್ಣು ಕೆಂಪಗೆ ಮಾಡಿಕೊಂಡು ಹದಿನೈದು ವರ್ಷದ ನನ್ನ ಸಂಗ್ರಹವನ್ನು ಅಳಿಸಿದ್ದವರು ಎದುರಿಗೆ ಕೂತು, ಪರೀಕ್ಷೆ ಬರೆದ ಮಗುವಿನ ಹಾಗೆ ನನ್ನ ಮುಖ ನೋಡುತ್ತಿದ್ದರು. “ಗೋಡೆ ಚೆನ್ನಾಗಿದೆ” ಅಂದೆ. “ಮನೇಲಿ ತೋರಿಸಿ ಹೇಳ್ತೀನಿ” ಎಂದು ಹಾಳೆಗಳನ್ನು ಸುರುಳಿ ಸುತ್ತಿಕೊಂಡು ಮೆಟ್ಟಿಲು ಇಳಿದುಬಿಟ್ಟೆ.

ಅವತ್ತು ಸಂಜೆ ಅಪ್ಪ ಅಮ್ಮ ರಾಜೀವನಗರದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ನಾನು ಹಾಳೆಗಳನ್ನು ನಡುಮನೆಯ ನೆಲದ ಮೇಲೆ ಹರಡಿ, ಮೂಲೆಗಳ ಮೇಲೆ ಲೋಟಗಳನ್ನು ಇಟ್ಟೆ. ಅಜ್ಜಿ ಕನ್ನಡಕ ಹಾಕಿಕೊಂಡು ಗೋಡೆಗೆ ಒರಗಿ ಕೂತು ಒಂದೊಂದನ್ನೇ ಎತ್ತಿಕೊಂಡಳು.

“ಈ ಸಿಲಿಂಡರಿನವನು ಎಲ್ಲಿಗೆ ಹೋದ?”

“ತೆಗೆದುಬಿಟ್ಟಿದ್ದಾರೆ ಅಜ್ಜಿ.”

“ಯಾಕೆ, ಅವನೇನು ಮಾಡಿದ್ದ?”

“ಅವರು ನಮ್ಮನೆಯವರಲ್ಲ ಅಂತ.”

ಅಜ್ಜಿ ಮುಂದಿನ ಹಾಳೆ ಎತ್ತಿಕೊಂಡಳು. “ಸೊಪ್ಪಿನೋಳೂ ಇಲ್ಲ. ಮೀಟರಿನವನೂ ಇಲ್ಲ. ಇಷ್ಟುದ್ದ ಗೋಡೆ ಯಾರ ಮನೇದು?”

“ನಿನ್ನ ಬೆರಳೂ ಇಲ್ಲ, ನೋಡು.”

“ಬೆರಳು ಹಾಳಾಗ್ಲಿ.” ಅವಳ ದನಿ ಬದಲಾಗಿತ್ತು. ಫೋಟೋದ ಮೇಲೆ ಬೆರಳಿಟ್ಟು ಎಣಿಸತೊಡಗಿದಳು. ಒಂದು, ಎರಡು, ಮೂರು. ಹಾಳೆ ಕೆಳಗಿಟ್ಟು ಇನ್ನೊಂದು. ಒಂದು, ಎರಡು, ಮೂರು. ಮೂವತ್ತಾರನ್ನೂ ಎಣಿಸಿದಳು. ಮೂರನೆಯ ಕ್ಲಾಸಿನಲ್ಲಿ ಎರಡು ಜಡೆ ಹಾಕಿಕೊಂಡಿದ್ದಾಗಿನದು, ಹೈಸ್ಕೂಲಿನಲ್ಲಿ ಹಲ್ಲಿಗೆ ತಂತಿ ಕಟ್ಟಿಸಿಕೊಂಡು ಬಾಯಿ ಬಿಗಿದಿದ್ದಾಗಿನದು, ಎಂ.ಎಸ್ಸಿ. ಫಲಿತಾಂಶ ಬಂದ ದಿನದ್ದು. ಪ್ರತಿ ಸಲವೂ ‘ಎರಡು’ ನನ್ನ ತಲೆಯ ಮೇಲೆ ಬೀಳುತ್ತಿತ್ತು.

“ಇದನ್ನ ಪುಸ್ತಕ ಮಾಡ್ಸೋದು ಬೇಡ” ಅಂದಳು. “ಅವರನ್ನೆಲ್ಲ ತಿರ್ಗಾ ಕರ್ಸು ಮೊದ್ಲು.”

“ಕರೆಸ್ತೀನಿ. ಕಂಪ್ಯೂಟರಿನಲ್ಲಿ ಹಳೇದು ಇದ್ದೇ ಇರುತ್ತೆ.” ಅವಳ ಮುಖ ನೋಡಿ ಸ್ವಲ್ಪ ನಗಿಸಬೇಕು ಅನ್ನಿಸಿತು. “ಆದ್ರೆ ಒಂದು ಹೇಳು. ಇಷ್ಟು ವರ್ಷ ನಾಲ್ಕನೆಯವರು ಬೇಕು ಅಂತ ನನ್ನನ್ನ ಬೀದಿ ಬೀದಿ ಅಲೆಸಿದ್ಯಲ್ಲ. ಆ ಸಿಲಿಂಡರಿನವರ ಕೈಗೆ ಕ್ಯಾಮೆರಾ ಕೊಟ್ಟು, ನಾಲ್ಕನೆಯವಳಾಗಿ ನೀನೇ ಬಂದು ನಿಂತಿದ್ರೆ ಆಗ್ತಿರಲಿಲ್ವಾ?”

ಅಜ್ಜಿ ಹಾಳೆ ಕೆಳಗಿಟ್ಟಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಗಾಜು ಚೊಕ್ಕಟವಾಗಿಯೇ ಇತ್ತು.

“ಆಗ್ತಿತ್ತು” ಅಂದಳು ಕೊನೆಗೆ. “ನಿಂತಿದ್ರೆ ನಾಲ್ಕಾಗ್ತಿತ್ತು. ಆಮೇಲೆ?”

“ಆಮೇಲೇನು?”

“ನಾನೇನು ಇಲ್ಲೇ ಗೂಟ ಹೊಡ್ಕೊಂಡು ಇರ್ತೀನಾ? ಒಂದು ದಿನ ಹೋಗ್ತೀನಿ. ನಾನು ಹೋದ್ಮೇಲೆ ಆ ಫೋಟೋದಲ್ಲಿ ಉಳ್ಕೊಳ್ಳೋದು ಎಷ್ಟು ಜನ, ನೀನೇ ಲೆಕ್ಕ ಹಾಕು. ಎಂಎಸ್ಸಿ ಓದಿದೀಯಲ್ಲ.”

ನಾನು ಲೆಕ್ಕ ಹಾಕಿದೆ. ಮೂರು, ನಡುವೆ ನಾನು. ಎರಡು ಸಲ ಕೆಮ್ಮಿದ ಪೋಸ್ಟ್‌ಮ್ಯಾನ್ ಯಾಕೆ ಮಜ್ಜಿಗೆ ಕುಡಿದು ಹೋಗಬೇಕಾಯಿತು, ಕೋಟು ಹಾಕಿಕೊಂಡು ಬಂದ ಮೇಷ್ಟ್ರು ಯಾಕೆ ಜಗಲಿಯ ಮೇಲೆ ಕೂರಬೇಕಾಯಿತು, ಎದುರು ಮನೆಯ ಕೂಸಿಗೆ ಯಾಕೆ ಮೂರು ಸಲ ಕರೆ ಹೋಯಿತು, ಎಲ್ಲ ಒಟ್ಟಿಗೆ ತಿಳಿಯಿತು. ಅಜ್ಜಿ ಹದಿನೈದು ವರ್ಷ ಬೀದಿಯಲ್ಲಿ ಹುಡುಕಿಸಿದ್ದು ಬಾಳಿಕೆ ಬರುವ ಜನರನ್ನು. ತನ್ನನ್ನು ಮೊದಲ ದಿನವೇ ತಿರಸ್ಕರಿಸಿಬಿಟ್ಟಿದ್ದಳು.

ನನಗೆ ಅಳು ಬರಬೇಕಿತ್ತೇನೋ. ಆದರೆ ಮೇಷ್ಟ್ರ ಕೋಟು ನೆನಪಾಗಿ ನಗು ಬಂತು, ತಡೆಯಲು ಆಗಲಿಲ್ಲ. ಅಜ್ಜಿ ಮೊದಲು ಸಿಟ್ಟಿನಿಂದ ನೋಡಿದಳು. “ಗೊತ್ತಾ ನಿನಗೆ, ಮೇಷ್ಟ್ರು ಈಗಲೂ ದಿನಾ ಬೆಳಿಗ್ಗೆ ಬೀದಿಗೆ ಮೂರು ಸುತ್ತು ಹಾಕ್ತಾರೆ” ಅಂದೆ. “ಗೊತ್ತು ಬುಡು, ನಾನೂ ನೋಡ್ತೀನಲ್ಲ” ಎಂದು ಅವಳೂ ಸೆರಗು ಬಾಯಿಗಿಟ್ಟುಕೊಂಡಳು. “ಅವತ್ತು ಇನ್ನೊಂದು ವರ್ಷ ತಡೆಯೋ ಹಂಗೂ ಕಾಣ್ತಿರಲಿಲ್ಲ ಕಣೇ.”

ನಗು ನಿಂತ ಮೇಲೆ ಉಪಾಯ ಹೊಳೆಯಿತು. ನಿಜ ಹೇಳಬೇಕೆಂದರೆ ಅದು ಉಪಾಯವೂ ಅಲ್ಲ, ಬರೀ ಕೂಡಿಸುವ ಲೆಕ್ಕ.

“ಅಜ್ಜಿ, ಐದು ಜನ ನಿಲ್ಲೋಣ.”

“ಐದಾ?”

“ನಾವು ನಾಲ್ಕು ಜನ, ಹೊರಗಿನಿಂದ ಒಬ್ಬರು.”

ಅಜ್ಜಿ ಎಡಗೈ ಬಿಡಿಸಿ ಹಿಡಿದಳು. ಒಂದು ಬೆರಳು ಮಡಿಸಿದಳು. ಅದು ಅದೇ ತೋರುಬೆರಳು. “ನಾನು ಹೋದ್ರೆ ನಾಲ್ಕು.”

“ನಾಲ್ಕು.”

“ಆ ಹೊರಗಿನೋರು ನನಗಿಂತ ಮುಂಚೆ ಹೋದ್ರೆ?”

“ಆಗಲೂ ನಾಲ್ಕು.”

“ಇಬ್ರೂ ಹೋದ್ರೆ?”

“ಅದಕ್ಕೇ ಗಟ್ಟಿಮುಟ್ಟಾಗಿರೋರನ್ನ ಕರ್ಕೊಂಡು ಬರೋದು.”

ಅಜ್ಜಿ ಬೆರಳುಗಳನ್ನು ಮತ್ತೊಮ್ಮೆ ಮಡಿಸಿ ಬಿಡಿಸಿ ನೋಡಿದಳು. ಲೆಕ್ಕದಲ್ಲಿ ತಪ್ಪು ಸಿಗಲಿಲ್ಲ. “ಯಾರು ಕರ್ಕೊಂಡು ಬರೋದು?” ಅಂದಳು.

“ನಾನು.”

“ನೀನಾ? ಫೋನ್ ಹೊಡ್ಕೊಂಡ್ರೆ ಬಚ್ಚಲು ಸೇರ್ಕೊಳ್ಳೋಳು ನೀನು. ಆಗ ಚಿಕ್ಕೋಳು, ನಾನು ಹೆದರಿಸಿ ಕಳಿಸ್ತಿದ್ದೆ. ಈಗ ಯಾರು ಕಳಿಸ್ತಾರೆ ನಿನ್ನ?”

“ಯಾರೂ ಕಳಿಸೋದು ಬೇಡ.”

“ನೋಡೋಣ” ಅಂದಳು. ಸ್ವಲ್ಪ ಹೊತ್ತಾದ ಮೇಲೆ ಟ್ರಂಕು ತೆಗೆಯುವ ಸದ್ದು ಕೇಳಿಸಿತು. ಹಸಿರು ರೇಷ್ಮೆ ಸೀರೆಯನ್ನು ಹೊರಗೆ ತೆಗೆದು ಗಾಳಿಗೆ ಹಾಕಿದ್ದಳು.

ಬಂದ ಧೈರ್ಯ ಆರುವ ಮೊದಲೇ ನಾನು ಸ್ಟುಡಿಯೋಗೆ ಫೋನ್ ಮಾಡಿದೆ. ತೆಗೆದವರನ್ನೆಲ್ಲ ವಾಪಸ್ ಹಾಕಬೇಕು ಅಂದೆ.

“ಎಲ್ಲರನ್ನೂವಾ ಮೇಡಂ?”

“ಎಲ್ಲರನ್ನೂ.”

“ಸಿಲಿಂಡರ್ ಸಮೇತ?”

“ಸಮೇತ.”

“ಮತ್ತೆ ಆ ಮೂಲೇಲಿದ್ದ ಕಲೆ?”

“ಅದು ಮೊದಲು” ಅಂದೆ. “ಅದು ಕಲೆಯಲ್ಲ, ಫೋಟೋ ತೆಗೆದವರು.” ಆಮೇಲೆ, ಅವರ ಹತ್ತು ದಿನಗಳು ನೆನಪಾಗಿ, “ಗೋಡೆ ಇರೋ ಹಾಳೆಗಳನ್ನ ನಾನೇ ಇಟ್ಕೋತೀನಿ” ಎಂದು ಸೇರಿಸಿದೆ. ಅವು ಈಗಲೂ ನನ್ನ ಹತ್ತಿರ ಇವೆ.

ಮಾರನೆಯ ದಿನ ಬೆಳಿಗ್ಗೆ, ಅಪ್ಪ ಅಮ್ಮನ ಮದುವೆಗೆ ಇಪ್ಪತ್ತೈದು ತುಂಬಿದ ದಿನ, ಅಮ್ಮ ಹಾಲು ಉಕ್ಕೀತೆಂದು ಒಂದು ಕಣ್ಣು ಅಡುಗೆಮನೆಯ ಕಡೆ ಇಟ್ಟುಕೊಂಡೇ ಹೊಸ ಸೀರೆಯುಟ್ಟು ಅಂಗಳಕ್ಕೆ ಬಂದಳು. ಅಪ್ಪ ಸ್ಟೂಲಿನ ಮೇಲೆ ನಾಲ್ಕು ಪುಸ್ತಕ, ಪುಸ್ತಕಗಳ ಮೇಲೆ ನಾನು ಎರವಲು ತಂದಿದ್ದ ಕ್ಯಾಮೆರಾ ಜೋಡಿಸಿದರು. ಅಜ್ಜಿ ಹಸಿರು ಸೀರೆಯಲ್ಲಿ, ಕೈಯಲ್ಲಿ ಕ್ಯಾಮೆರಾ ಇಲ್ಲದೆ, ಕೈ ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ನಾನು ಗೇಟು ತೆಗೆದುಕೊಂಡು ಹೊರಗೆ ಹೋದೆ.

ಪೇಪರಿನವರು ಬಂದರು. ಅವರ ಕುತ್ತಿಗೆಯ ಮಫ್ಲರ್ ನೋಡಿ ಕರೆಯದೆ ಬಿಟ್ಟೆ. ಮೇಷ್ಟ್ರು ಎರಡನೆಯ ಸುತ್ತಿನಲ್ಲಿದ್ದರು, ಕೈ ಎತ್ತಿದರು, ನಾನೂ ಎತ್ತಿದೆ. ಆಮೇಲೆ ನನ್ನ ವಯಸ್ಸಿನ ಒಬ್ಬ ಹುಡುಗಿ, ಮುಂದೆ ಕೆಂಪು ‘ಎಲ್’ ಅಂಟಿಸಿದ ಸ್ಕೂಟರಿನಲ್ಲಿ, ಎರಡು ಕಾಲನ್ನೂ ನೆಲಕ್ಕೆ ತಾಗಿಸಿಕೊಂಡೇ ಬಂದಳು. ಪಕ್ಕದ ಕ್ರಾಸಿಗೆ ಹೊಸದಾಗಿ ಬಂದ ಮನೆಯವಳಿರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ದಾಟಿಹೋದಳು. ಬೀದಿಯ ಕೊನೆಯಲ್ಲಿ ತಿರುಗಿಸಿಕೊಂಡು ಮತ್ತೆ ಬಂದಳು. ಈ ಸಲ ನಾನು ಕೈ ಅಡ್ಡ ಹಿಡಿದೆ. “ನಿಲ್ಲಿಸೋಕೆ ಬರಲ್ಲ ಕಣ್ರೀ” ಎಂದು ಹೇಳುತ್ತಲೇ ಮುಂದೆ ಹೋದಳು. ಮೂರನೆಯ ಸಲ ನಾನು ಬೀದಿಗೆ ಇಳಿದು ನಡುವೆ ನಿಂತೆ. ಸ್ಕೂಟರು ನನ್ನಿಂದ ಒಂದು ಮೊಳ ದೂರದಲ್ಲಿ, ಅದಕ್ಕೇ ಆಶ್ಚರ್ಯವಾದಂತೆ, ನಿಂತಿತು.

“ನಮ್ಮ ಫೋಟೋಗೆ ಒಬ್ಬರು ಬೇಕಾಗಿತ್ತು” ಅಂದೆ. ಅಜ್ಜಿ ಕರೀತಿದ್ದಾರೆ ಎಂದು ಸೇರಿಸಲಿಲ್ಲ. ಅವಳು ಹೆಲ್ಮೆಟ್ ತೆಗೆದು, ನನ್ನನ್ನೂ ಗೇಟಿನ ಆಚೆ ಸಾಲಾಗಿ ನಿಂತಿದ್ದ ಮೂವರನ್ನೂ ನೋಡಿ, “ನಾನಾ?” ಅಂದಳು.

ನಾನು ಅವಳನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, ಕೆಮ್ಮು ಏನಾದರೂ ಇದೆಯಾ ಎಂದು ಕೇಳಿದೆ.